ಊಟಕ್ಕೆ ಕರೆದಾಗ ಉಡುವುದೇನು?

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಕೆಲಸದ ಸಂದರ್ಶನಕ್ಕೆ ಹೋದವರಲ್ಲವೆಂಬುದು ನಿಶ್ಚಯ. ಹೋಗಿದ್ದರೆ, ಊಟ ನೋಟಗಳೆರಡೂ ಪರರ ಇಚ್ಛೆಗೆ ಒಳಪಡುವ ಒಂದು ಸಂಜೆಯೂ ಮನುಷ್ಯನ ಆಯುಷ್ಯದಲ್ಲಿ ಬರುವುದುಂಟೆಂದು ಅವರಿಗೆ ತಿಳಿಯುತ್ತಿತ್ತು. ಸಂದರ್ಶನದ ಹಿಂದಿನ ರಾತ್ರಿ ಅಭ್ಯರ್ಥಿಗಳನ್ನೂ ಅಧಿಕಾರಿಗಳನ್ನೂ ಒಂದೆಡೆ ಕೂಡಿಸಿ ಬಡಿಸುವ ಔತಣವೇ ಆ ಸಂಜೆ. "ಇದೇನೂ ಪರೀಕ್ಷೆಯಲ್ಲ, ಸುಮ್ಮನೆ ಪರಿಚಯಕ್ಕಾಗಿ ಬನ್ನಿ" ಎಂದು ಕರೆಯುತ್ತಾರೆ. ಪರೀಕ್ಷೆಯಲ್ಲವೆಂದು ಹೇಳಿ ನಡೆಸುವ ಪರೀಕ್ಷೆಗಿಂತ ಕಠಿನವಾದ ಪರೀಕ್ಷೆ ಇನ್ನೊಂದಿಲ್ಲವೆಂಬುದು ವಿದ್ಯಾರ್ಥಿಗಳಾದ ನಮಗೆ ಬೇರೆ ಯಾರೂ ಕಲಿಸಬೇಕಾದ ಸಂಗತಿಯಲ್ಲ.

ನಮ್ಮ ಕಾಲೇಜಿನಂಥ ಸರ್ಕಾರಿ ಕಲಾ ಕಾಲೇಜಿನ ಮಟ್ಟಿಗೆ ಇದು ಈಚಿನ ವ್ಯವಹಾರ. ಬಿ.ಎ. ಮುಗಿಸಿದವನಿಗೆ ಮೊದಲು ಇದ್ದ ದಾರಿಗಳು ಎರಡು ಮೂರು: ಬಿ.ಎಡ್. ಮಾಡಿ ಮೇಷ್ಟರಾಗುವುದು, ಇಲಾಖೆಯ ಪರೀಕ್ಷೆ ಕಟ್ಟುವುದು, ಇಲ್ಲವೆ ಮನೆಯ ಹೊಲಕ್ಕೋ ಮಗ್ಗಕ್ಕೋ ಹಿಂದಿರುಗುವುದು. ಅಲ್ಲಿ ಯಾರೂ ಊಟಕ್ಕೆ ಕರೆಯುತ್ತಿರಲಿಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ಅದರ ಸುತ್ತ ದೊಡ್ಡ ಹೋಟೆಲುಗಳೂ ಗೋದಾಮುಗಳೂ ಕಂಪನಿಗಳೂ ಬಂದವು. ಸಮಾಜಕಾರ್ಯದ ಸಂಸ್ಥೆಗಳು, ಶಿಕ್ಷಣದ ಸಂಸ್ಥೆಗಳು ಅಭ್ಯರ್ಥಿಗಳನ್ನು ಎರಡು ದಿನ ಇರಿಸಿಕೊಂಡು, ಒಟ್ಟಿಗೆ ಉಣ್ಣಿಸಿ, ಮಾತಾಡಿಸಿ ಆರಿಸುವ ಪದ್ಧತಿಯನ್ನು ತಂದವು. ಹೀಗೆ ನೆಲಮಂಗಲದ ರೈತನ ಮಗನೂ ವಿಜಯಪುರದ ರೇಷ್ಮೆಗೂಡಿನ ವ್ಯಾಪಾರಿಯ ಮಗಳೂ ಒಂದು ದಿನ ಆಹ್ವಾನಪತ್ರವನ್ನು ಕೈಯಲ್ಲಿ ಹಿಡಿದು, ಅದರ ಕೊನೆಯ ಸಾಲಿನಲ್ಲಿ "ಉಡುಪು: ಸ್ಮಾರ್ಟ್ ಕ್ಯಾಶುವಲ್" ಎಂದಿರುವುದನ್ನು ಓದಿ ಬೆವರುವ ಕಾಲ ಬಂದಿದೆ.

ಕ್ಯಾಶುವಲ್ ಎಂಬ ಮಾತನ್ನು ನಾವು ಕೇಳದವರಲ್ಲ. ನಮ್ಮ ಅಧ್ಯಾಪಕರಿಗೆ ಕ್ಯಾಶುವಲ್ ಲೀವು ಗೊತ್ತು. ನಮ್ಮ ತಂದೆತಾಯಿಗಳಲ್ಲಿ ಅನೇಕರಿಗೆ ಕ್ಯಾಶುವಲ್ ಲೇಬರು ಗೊತ್ತು. ಆದರೆ ಉಡುಪಿನಲ್ಲಿ ಕ್ಯಾಶುವಲ್ ಎಂದರೇನು, ಅದು ಸ್ಮಾರ್ಟ್ ಆಗುವುದು ಹೇಗೆ ಎಂಬುದು ನಿಘಂಟಿಗೆ ಸಿಕ್ಕುವ ವಿಷಯವಲ್ಲ. ಕೋಟು ಬೇಡವೆಂದು ಅದು ಹೇಳುತ್ತದೆ. ಹಾಗೆಂದು ಮನೆಯಲ್ಲಿ ಉಡುವುದನ್ನು ಉಟ್ಟು ಬನ್ನಿ ಎಂದೂ ಹೇಳುವುದಿಲ್ಲ. ಬೇಕಾದುದು ಇವೆರಡರ ನಡುವೆ ಎಲ್ಲೋ ಇದೆ. ಆ "ಎಲ್ಲೋ" ಎಲ್ಲಿದೆಯೆಂದು ಬೆಂಗಳೂರಿನ ದೊಡ್ಡ ಕಾಲೇಜುಗಳ ಹುಡುಗರಿಗೆ ಅವರ ಮನೆಯ ಬೀರುವೇ ಹೇಳಿಕೊಡುತ್ತದೆ. ನಮ್ಮ ಬೀರುವಿನಲ್ಲಿ ಇರುವುದು ಎರಡೇ ಬಗೆ: ದಿನದ ಬಟ್ಟೆ ಮತ್ತು ಮದುವೆಯ ಬಟ್ಟೆ.

ನನ್ನ ಗೆಳೆಯನೊಬ್ಬನ ಪ್ರಸಂಗವನ್ನು, ಅವನ ಒಪ್ಪಿಗೆ ಪಡೆದೇ, ಇಲ್ಲಿ ಹೇಳುತ್ತೇನೆ. ಅವನು ದೊಡ್ಡಬಳ್ಳಾಪುರ ತಾಲ್ಲೂಕಿನವನು. ತಾಯಿ ಗಾರ್ಮೆಂಟ್ಸಿಗೆ ಹೋಗುವವರು. ಅವನಿಗೆ ಇಂಥದೊಂದು ಔತಣದ ಕರೆ ಬಂದಿತು. ಅವನು ಸೋದರಮಾವನ ಆರತಕ್ಷತೆಯ ಕೋಟನ್ನು ಕೇಳಿ ತಂದ. ಮಾವನದು ತೋರ ಮೈ, ಇವನದು ಕಡ್ಡಿ ಮೈ. ಹೆಗಲಿನ ಹೊಲಿಗೆ ತೋಳಿನವರೆಗೆ ಇಳಿದಿತ್ತು. ತಾಯಿ ನೋಡಿ, "ಲೋ ಮಗ, ಇದ್ಯಾಕೋ ಬೇಕು ನಿಂಗೆ? ಆ ಬಿಳೀ ಶರಟು ಹಾಕ್ಕೊಂಡು ಹೋಗು, ಕಾಲರ್ ಇನ್ನೂ ಗಟ್ಟಿಯಾಗೈತೆ" ಎಂದರಂತೆ. ಇವನು ಕೇಳಲಿಲ್ಲ. ಹೋಟೆಲಿಗೆ ಹೋಗಿ ನೋಡಿದರೆ ಅಧಿಕಾರಿಗಳೆಲ್ಲ ಅರ್ಧ ತೋಳಿನ ಅಂಗಿಗಳಲ್ಲಿ ಆರಾಮವಾಗಿ ನಿಂತಿದ್ದಾರೆ. ಆ ಕೋಣೆಯಲ್ಲಿ ಕಪ್ಪು ಕೋಟು ತೊಟ್ಟಿದ್ದವರು ಬಡಿಸುವವರು ಮತ್ತು ಇವನು. ಹತ್ತು ನಿಮಿಷದೊಳಗೆ ಒಬ್ಬ ಅತಿಥಿ ಇವನ ಕಡೆಗೆ ತಿರುಗಿ, ಒಂದು ಲೋಟ ನೀರು ತರಲು ಹೇಳಿದರು. ಇವನು ತಂದುಕೊಟ್ಟ.

ಕೆಲಸ ಸಿಕ್ಕಿತೆ ಎಂದು ಎಲ್ಲರೂ ಕೇಳುತ್ತಾರೆ. ಸಿಕ್ಕಿತು. ಮಾರನೆಯ ದಿನ ಅದೇ ಬಿಳಿ ಶರಟಿನಲ್ಲಿ ಸಂದರ್ಶನಕ್ಕೆ ಕುಳಿತು ಚೆನ್ನಾಗಿಯೇ ಉತ್ತರ ಕೊಟ್ಟನಂತೆ. ಆದರೆ ಅವನು ನನ್ನೊಡನೆ ಹೇಳಿದ ಮಾತು ಬೇರೆ: "ನೀರು ತಂದುಕೊಟ್ಟದ್ದರಲ್ಲಿ ನನಗೆ ಬೇಸರವಿಲ್ಲ. ನಮ್ಮ ಮನೆಗೆ ಬಂದವರಿಗೆ ನೀರು ಕೊಡುವುದಿಲ್ಲವೆ? ಆದರೆ ಅದಾದ ಮೇಲೆ ಇಡೀ ರಾತ್ರಿ ನನಗೆ ಒಂದು ಮಾತೂ ಹೊರಡಲಿಲ್ಲ." ಈ ವಿಷಯವನ್ನು ಕುರಿತು ಬರೆಯಬೇಕೆಂದು ನನಗೆ ಅನ್ನಿಸಿದ್ದು ಆ ಕೊನೆಯ ಮಾತಿನಿಂದ. ಬಟ್ಟೆ ತಪ್ಪಿದರೆ ನೋಡುವವರು ನಗುತ್ತಾರೆಂಬುದು ಸಣ್ಣ ನಷ್ಟ. ಉಟ್ಟವನ ಬಾಯಿ ಕಟ್ಟುತ್ತದೆಂಬುದೇ ದೊಡ್ಡ ನಷ್ಟ.

ಇದಕ್ಕೆ ನಮ್ಮ ಹಿರಿಯರು ಕೆಲವರು, ಅಧ್ಯಾಪಕ ಮಹಾಶಯರಲ್ಲಿಯೂ ಕೆಲವರು, ಕೊಡುವ ಉತ್ತರ ಸರಳವಾದುದು: "ಬಟ್ಟೆಯಲ್ಲಿ ಏನಿದೆಯಪ್ಪ, ಗುಣ ಮುಖ್ಯ, ವಿದ್ಯೆ ಮುಖ್ಯ." ಅವರ ಬಗೆಗೆ ಪೂರ್ಣ ಗೌರವವಿಟ್ಟುಕೊಂಡೇ ಇದನ್ನು ನಾನು ಒಪ್ಪಲಾರೆ. ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಬಟ್ಟೆಯಲ್ಲಿ ಏನೂ ಇಲ್ಲವೆಂದು ಹೇಳುವುದು ಹೇಗೆ ಸಾಧ್ಯ? ದೊಡ್ಡಬಳ್ಳಾಪುರದ ಕೇರಿಗಳಲ್ಲಿ ನಡೆದು ಹೋದರೆ ಮಗ್ಗದ ಸದ್ದಿಲ್ಲದ ಬೀದಿ ಕಾಣುವುದು ಕಷ್ಟ. ವಿಜಯಪುರದ ಮಾರುಕಟ್ಟೆಯಲ್ಲಿ ಗೂಡು ಹರಾಜಾಗುತ್ತದೆ. ಊರಾಚೆಯ ಅಪೆರಲ್ ಪಾರ್ಕಿಗೆ ಬೆಳಗಾಗುತ್ತಲೇ ಬಸ್ಸು ಬಸ್ಸುಗಳಲ್ಲಿ ನಮ್ಮ ಅಕ್ಕಂದಿರು, ತಾಯಂದಿರು ಹೋಗುತ್ತಾರೆ. ಹುಳುವಿನಿಂದ ಹಿಡಿದು ಗುಂಡಿಯವರೆಗೆ ಬಟ್ಟೆಯ ಬಾಳೆಲ್ಲ ನಮ್ಮವರ ಕೈಯಲ್ಲಿ ನಡೆಯುತ್ತದೆ. ಪರದೇಶದ ಅಂಗಡಿಯಲ್ಲಿ ನೇತಾಡುವ ಅಂಗಿಯ ಕಾಲರನ್ನು ಹೊಲಿದ ತಾಯಿಯ ಮಗ, ಯಾವ ಅಂಗಿ ತೊಡಬೇಕೆಂದು ತಿಳಿಯದೆ ಬಾಡಿಗೆ ಕೋಟಿನ ಅಂಗಡಿಯ ಮುಂದೆ ನಿಲ್ಲುತ್ತಾನೆಂಬುದು ನಗುವ ಸಂಗತಿಯೋ ಅಳುವ ಸಂಗತಿಯೋ ನಾನರಿಯೆ.

ಹಿರಿಯರ ಆ ಮಾತಿಗೆ ಚರಿತ್ರೆಯೂ ಸಾಕ್ಷಿ ನುಡಿಯುವುದಿಲ್ಲ. ನಮ್ಮ ನೆರೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಹೊಟ್ಟೆ ಹೊರೆದು, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದ ವಿಶ್ವೇಶ್ವರಯ್ಯನವರನ್ನು ನೆನೆಯಿರಿ. ಅವರ ವಿದ್ಯೆಯನ್ನು ಕುರಿತು ಎಷ್ಟು ಕಥೆಗಳಿವೆಯೋ ಅವರ ಉಡುಪಿನ ಅಚ್ಚುಕಟ್ಟನ್ನು ಕುರಿತೂ ಅಷ್ಟೇ ಕಥೆಗಳಿವೆ. ಇಳಿವಯಸ್ಸಿನ ಚಿತ್ರಗಳಲ್ಲಿಯೂ ಪೇಟ, ಕೋಟು, ಟೈಗಳು ಒಂದಿಷ್ಟೂ ಓರೆಯಾಗಿರುವುದಿಲ್ಲ. ಗಣಿತಜ್ಞ ರಾಮಾನುಜನ್ನರು 1914ರಲ್ಲಿ ಹಡಗು ಹತ್ತುವ ಮುನ್ನ ಜುಟ್ಟು ತೆಗೆಸಿದರು. ಕೋಟು, ಬೂಟು, ಮುಳ್ಳುಚಮಚಗಳ ಅಭ್ಯಾಸ ಮಾಡಬೇಕಾಯಿತು. ಅವರ ಸೂತ್ರಗಳಿಗೆ ಜುಟ್ಟು ಅಡ್ಡಿಯಾಗಿತ್ತೆ? ಇಲ್ಲ. ಆದರೂ ತೆಗೆಸಿದರು.

ಗಾಂಧೀಜಿಯವರ ಕಥೆಯಂತೂ ನಮ್ಮ ಗೆಳೆಯನ ಕಥೆಗೆ ಅಣ್ಣನಂತಿದೆ. 1888ರ ಸೆಪ್ಟೆಂಬರಿನ ಕೊನೆಯಲ್ಲಿ ಅವರು ಇಂಗ್ಲೆಂಡಿನ ದಡಕ್ಕಿಳಿದರು. ಇಳಿಯುವಾಗ ತೊಡಲೆಂದೇ ಬಿಳಿಯ ಫ್ಲಾನೆಲ್ ಉಡುಪೊಂದನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಇಳಿದು ನೋಡಿದರೆ ಆ ಋತುವಿನಲ್ಲಿ ಬಿಳಿ ತೊಟ್ಟವರು ಅವರೊಬ್ಬರೇ. ಪೆಟ್ಟಿಗೆಗಳನ್ನು ಏಜೆಂಟರ ವಶಕ್ಕೆ ಒಪ್ಪಿಸಿಯಾಗಿತ್ತು. ಮರುದಿನ ಭಾನುವಾರವಾದುದರಿಂದ ಅವು ಕೈಗೆ ಬರುವಂತಿರಲಿಲ್ಲ. ಅದೇ ಬಿಳಿ ಉಡುಪಿನಲ್ಲಿ ನಾಚಿಕೆ ನುಂಗಿಕೊಂಡು ಇರಬೇಕಾಯಿತು. ಇದೇ ಗಾಂಧಿಯವರು 1931ರಲ್ಲಿ ತುಂಡುಪಂಚೆಯಲ್ಲಿ, ಶಾಲು ಹೊದ್ದು, ಅರಸರ ಅರಮನೆಗೆ ಹೋಗಿ ಬಂದರೆಂದು ಹೇಳಿ "ನೋಡಿ, ಬಟ್ಟೆ ಮುಖ್ಯವಲ್ಲ" ಎನ್ನುವವರುಂಟು. ಆದರೆ ಎರಡರ ನಡುವೆ ನಲವತ್ತಮೂರು ವರ್ಷಗಳ ದುಡಿಮೆಯಿದೆ. ನಮ್ಮನ್ನು ಊಟಕ್ಕೆ ಕರೆದಿರುವುದು ಈ ಶನಿವಾರ.

ಲಂಡನ್ನಿನ ವಿಷಯ ಬಂದುದರಿಂದ ಇನ್ನೊಂದು ಮಾತು. ಉಂಡು ಉದ್ಯೋಗ ಪಡೆಯುವ ಪದ್ಧತಿ ಹೊಸದೇನೂ ಅಲ್ಲ. ಗಾಂಧೀಜಿ ಬ್ಯಾರಿಸ್ಟರಾದುದು ಪರೀಕ್ಷೆ ಕೊಟ್ಟು ಮಾತ್ರವಲ್ಲ. ಸುಮಾರು ಮೂರು ವರ್ಷ, ಹನ್ನೆರಡು ಅವಧಿಗಳಲ್ಲಿ ಪ್ರತಿ ಸಲವೂ ಇಷ್ಟು ಔತಣಗಳಿಗೆ ಹಾಜರಾಗಿ. ನಾಲ್ವರಿಗೆ ಎರಡು ಬಾಟಲಿ ದ್ರಾಕ್ಷಾರಸ; ಇವರು ಮುಟ್ಟದವರಾದುದರಿಂದ ಇವರನ್ನು ತಮ್ಮ ಮೇಜಿಗೆ ಸೇರಿಸಿಕೊಳ್ಳಲು ಎಲ್ಲರಿಗೂ ಆತುರವಂತೆ! ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರು ತಮ್ಮ ಸಿವಿಲ್ ಸರ್ವಿಸಿನ ಮೇಲಿನ ಹುದ್ದೆಗಳಿಗೆ ಅಭ್ಯರ್ಥಿಗಳನ್ನು ಹಳ್ಳಿಗಾಡಿನ ಒಂದು ದೊಡ್ಡ ಮನೆಯಲ್ಲಿ ಇರಿಸಿಕೊಂಡು ಪರೀಕ್ಷಿಸುವ ಕ್ರಮವನ್ನು ತಂದಾಗ, ಇವರು ನೋಡುವುದು ಬುದ್ಧಿಯನ್ನೋ ಮುಳ್ಳುಚಮಚ ಹಿಡಿಯುವ ಕೈಯನ್ನೋ ಎಂಬ ಅನುಮಾನ ಅವರ ದೇಶದಲ್ಲಿಯೇ ಎದ್ದಿತ್ತು.

ನಮ್ಮವರೇನು ಕಡಿಮೆ? ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರೆಲ್ಲ ಬಲ್ಲರು: ಕೊಳ್ಳುವವನು ಬಂದು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಬಾಲ ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ, ಕೊನೆಗೆ ಬೆಲೆ ಮಾತ್ರ ಟವಲ್ಲಿನ ಕೆಳಗೆ, ಬೆರಳಿಗೆ ಬೆರಳು ಮುಟ್ಟಿಸಿ ಗುಟ್ಟಾಗಿ ತೀರ್ಮಾನವಾಗುತ್ತದೆ. ಔತಣವೂ ಹಾಗೆಯೇ. ನಡೆಸಿ ನೋಡುವುದೆಲ್ಲ ಬಯಲಿನಲ್ಲಿ; ಲೆಕ್ಕ ಹಾಕುವುದು ಬಟ್ಟೆಯ ಕೆಳಗೆ. ವ್ಯತ್ಯಾಸವೆಂದರೆ ಜಾತ್ರೆಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ, ಮೈಮೇಲೆ ಜೂಲು ಹಾಕಿ ಸಿಂಗರಿಸಿ ತರಬೇಕೆಂಬುದು ಪ್ರತಿಯೊಬ್ಬ ರೈತನಿಗೂ ಗೊತ್ತು.

ನನ್ನ ಆಕ್ಷೇಪಣೆಯ ತಿರುಳು ಈ "ಗೊತ್ತು" ಎಂಬ ಮಾತಿನಲ್ಲಿದೆ. ಉಡುಪಿಗೆ ನಿಯಮವಿರುವುದು ತಪ್ಪೆಂದು ನಾನು ವಾದಿಸುವುದಿಲ್ಲ. ಮೈಸೂರಿನ ಅರಸರ ದರ್ಬಾರಿಗೆ ಹೋಗುವವರು ಉದ್ದ ಕೋಟು, ಬಿಳಿ ಷರಾಯಿ, ಪೇಟಗಳಲ್ಲಿಯೇ ಹೋಗಬೇಕಾಗಿತ್ತು. ಕಟ್ಟುನಿಟ್ಟಾದ ನಿಯಮ, ಆದರೆ ಬಾಯಿಬಿಟ್ಟು ಹೇಳಿದ ನಿಯಮ. ಇಲ್ಲದವನು ನೆರೆಯವನಿಂದ ಕೇಳಿ ತಂದು ತೊಟ್ಟರೆ ಒಳಗೆ ಎಲ್ಲರಂತೆಯೇ ಕಾಣುತ್ತಿದ್ದ. ಸೈನ್ಯದ ಅಧಿಕಾರಿಗಳ ಆಯ್ಕೆಗೆ ಬೆಂಗಳೂರಿನ ಕೇಂದ್ರಕ್ಕೆ ಕರೆಸುವಾಗ, ಏನೇನು ಬಟ್ಟೆ, ಎಂಥ ಷೂ ತರಬೇಕೆಂದು ಕರೆಪತ್ರದಲ್ಲಿಯೇ ಬರೆದಿರುತ್ತಾರೆ. ಅಲ್ಲಿ ಹೋದ ಮೇಲೆ ಎಲ್ಲರ ಎದೆಗೂ ಒಂದೊಂದು ಅಂಕಿ ಕಟ್ಟುತ್ತಾರೆ. ಜಮೀನ್ದಾರನ ಮಗನೂ ಜೀತದಾಳಿನ ಮಗನೂ ಅಲ್ಲಿ ಬರಿಯ ಅಂಕಿಗಳು. ಬಂದೂಕು ಹಿಡಿಯುವವರು ಇಷ್ಟು ಸೌಜನ್ಯ ತೋರುವಾಗ, ಚಮಚ ಹಿಡಿಯುವವರು "ನಿಮ್ಮಿಷ್ಟದಂತೆ ಬನ್ನಿ" ಎಂದು ಹೇಳಿ ನಮ್ಮಿಷ್ಟವನ್ನು ತೂಗಿ ನೋಡುವುದು ನ್ಯಾಯವೆ? ಹೇಳದೆ ಬಿಟ್ಟ ನಿಯಮ ಮೊದಲೇ ತಿಳಿದವರಿಗೆ ಸ್ವಾತಂತ್ರ್ಯ, ತಿಳಿಯದವರಿಗೆ ಬೋನು.

ಇದು ಬರಿಯ ಔತಣದ ಮಾತೂ ಅಲ್ಲ. 2024ರ ಜುಲೈಯಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದರಲ್ಲಿ ಪಂಚೆ ಉಟ್ಟು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಬಾಗಿಲಲ್ಲಿಯೇ ತಡೆದರು. ಮಗ ತಂದೆಯನ್ನು ಸಿನಿಮಾ ತೋರಿಸಲು ಕರೆದುಕೊಂಡು ಬಂದಿದ್ದನಂತೆ. ದೊಡ್ಡ ಗದ್ದಲವಾಗಿ, ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಹತ್ತು ವರ್ಷ ಹಿಂದೆ, 2014ರಲ್ಲಿ, ಮದರಾಸಿನ ಕ್ಲಬ್ಬೊಂದು ಪಂಚೆಯುಟ್ಟ ಹೈಕೋರ್ಟಿನ ನ್ಯಾಯಾಧೀಶರನ್ನೇ ಒಳಗೆ ಬಿಡದೆಹೋದಾಗ ತಮಿಳುನಾಡಿನಲ್ಲಿ ಅಂಥ ನಿರ್ಬಂಧವನ್ನು ತೆಗೆದುಹಾಕುವ ಕಾನೂನೇ ಬಂದಿತು. ದೇವೇಗೌಡರು 1996ರಲ್ಲಿ ಪಂಚೆಯಲ್ಲಿಯೇ ದೇಶದ ಪ್ರಧಾನಿಯಾದರು. ಪ್ರಧಾನಿಗೆ ಒಗ್ಗಿದ ಉಡುಪು ಮಾಲಿನ ಬಾಗಿಲಿಗೆ ಒಗ್ಗುವುದಿಲ್ಲವೆಂದರೆ ಏನೆನ್ನೋಣ! ಆದರೆ ಕಾನೂನು ಬಾಗಿಲು ತೆರೆಸಬಲ್ಲುದು; ಒಳಗೆ ಕುಳಿತ ಮೇಲೆ ನಮ್ಮ ತಟ್ಟೆಯ ಮೇಲೆ ಬೀಳುವ ಕಣ್ಣನ್ನು ತಿರುಗಿಸಲಾರದು.

ಹಾಗಾದರೆ ಶನಿವಾರ ಏನು ಉಡಬೇಕು? ಅಭಿಪ್ರಾಯ ಹೇಳಿ ಉಪಾಯ ಹೇಳದೆ ಹೋಗುವುದು ಗೆಳೆಯರಿಗೆ ಮಾಡುವ ಅನ್ಯಾಯ. ಮೊದಲನೆಯ ಮಾತು, ಹೊಸದನ್ನು ಕೊಳ್ಳಬೇಡಿ. ಹೊಸ ಬಟ್ಟೆ ಹೊಸ ಷೂಗಳು ಮೈಗೂ ಕಾಲಿಗೂ ಕಚ್ಚುತ್ತವೆ; ಕಚ್ಚಿಸಿಕೊಳ್ಳುತ್ತ ನಗುವುದು ಸುಲಭವಲ್ಲ. ಕಾಲೇಜಿನ ವಾರ್ಷಿಕೋತ್ಸವದ ದಿನ ನೀವು ಏನು ತೊಡುತ್ತೀರೋ ಅದು ಸಾಕು: ತಿಳಿಬಣ್ಣದ ತುಂಬು ತೋಳಿನ ಹತ್ತಿಯ ಶರಟು, ಗಾಢ ಬಣ್ಣದ ಪ್ಯಾಂಟು, ಒರಸಿದ ಷೂ. ತೋಳನ್ನು ಎರಡು ಮಡಿಕೆ ಮೇಲಕ್ಕೆ ಸುತ್ತಿದರೆ ಸಾರು ತಗಲುವುದಿಲ್ಲ, ಕ್ಯಾಶುವಲ್ಲೂ ಆಗುತ್ತದೆ. ಟೈ ಬೇಡ. ಕೋಟಂತೂ ಬೇಡವೇ ಬೇಡ, ಚಳಿಯಾದರೆ ಸ್ವೆಟರಿದೆ. ಡಿಸೆಂಬರಿನ ರಾತ್ರಿ ದೇವನಹಳ್ಳಿಯ ಬಯಲಿನಲ್ಲಿ ಬಸ್ಸಿಗೆ ಕಾದವರು ಸ್ವೆಟರನ್ನು ನೋಡಿ ನಗಲಾರರು. ಯಲಹಂಕದ ಬಸ್ಸಿನಲ್ಲಿ ನಿಂತು ಹೋಗುವುದಾದರೆ ಇಸ್ತ್ರಿ ಮಾಡಿದ ಶರಟನ್ನು ದಿನಪತ್ರಿಕೆಯಲ್ಲಿ ಮಡಿಸಿ ಚೀಲದಲ್ಲಿಟ್ಟುಕೊಂಡು, ಅಲ್ಲಿಗೆ ಹೋದ ಮೇಲೆ ಮುಖ ತೊಳೆದು ಬದಲಿಸಿಕೊಳ್ಳುವುದು ಮೇಲು.

ನಮ್ಮ ಸೋದರಿಯರಿಗೆ ಸಲಹೆ ಹೇಳುವ ಅರ್ಹತೆ ನನಗಿಲ್ಲ; ನಮ್ಮ ತರಗತಿಯ ವಿದ್ಯಾರ್ಥಿನಿಯರನ್ನು ಕೇಳಿ ತಿಳಿದುದನ್ನು ಇಲ್ಲಿ ಒಪ್ಪಿಸುತ್ತೇನೆ. ಮದುವೆಯ ರೇಷ್ಮೆಯೂ ಬೇಡ, ಗೆಳತಿಯಿಂದ ಕೇಳಿ ತಂದ ಪರದೇಶದ ಉಡುಪೂ ಬೇಡ; ಪ್ರತಿದಿನ ತೊಟ್ಟು ಪಳಗಿದ ಚೂಡಿದಾರವಾಗಲಿ ನೂಲಿನ ಸೀರೆಯಾಗಲಿ ಸಾಕು, ದುಪಟ್ಟಾಕ್ಕೆ ಒಂದು ಪಿನ್ನು ಮಾತ್ರ ಮರೆಯಬಾರದು ಎಂದರು. ಒಬ್ಬಾಕೆ ಇನ್ನೂ ಮುಂದೆ ಹೋಗಿ ಹೇಳಿದರು: "ಏನು ಉಡಬೇಕೆಂದು ನಮಗೆ ಗೊತ್ತಿದೆ. ಊಟ ಒಂಬತ್ತಕ್ಕೆ ಮುಗಿದರೆ ದೊಡ್ಡಬಳ್ಳಾಪುರದ ಬಸ್ಸು ಸಿಕ್ಕುವುದೆ, ನಿಲ್ದಾಣದಿಂದ ಹಳ್ಳಿಗೆ ಯಾರ ಜೊತೆ ಹೋಗುವುದು, ಅದನ್ನು ಬರೆಯಿರಿ." ಬರೆದಿದ್ದೇನೆ. ಕರೆಯುವವರು ಓದುವಂತಿದ್ದರೆ, ಹೆಣ್ಣುಮಕ್ಕಳನ್ನು ರಾತ್ರಿಯೂಟಕ್ಕೆ ಕರೆಯುವ ಬದಲು ಮಧ್ಯಾಹ್ನದೂಟಕ್ಕೆ ಕರೆದರೆ ಅನ್ನದ ರುಚಿ ಕೆಡುವುದಿಲ್ಲವೆಂದು ಇಲ್ಲಿಯೇ ಸೇರಿಸುತ್ತೇನೆ. ಹೊಸಕೋಟೆಯಲ್ಲಿ ನಸುಕಿನ ನಾಲ್ಕು ಗಂಟೆಗೆ ಬಿರಿಯಾನಿಗಾಗಿ ಸಾಲು ನಿಲ್ಲುವವರಿದ್ದಾರೆ. ಅಲ್ಲಿ ಬರ್ಮುಡಾ ತೊಟ್ಟವನೂ ಸೂಟು ತೊಟ್ಟವನೂ ಒಂದೇ ಎಲೆಯೂಟಕ್ಕೆ ಕೈ ಚಾಚುತ್ತಾರೆ. ಸಂದರ್ಶನದ ಔತಣವನ್ನು ಅಲ್ಲಿಯೇ ಇಟ್ಟರೆ ಎಲ್ಲ ತೊಡಕೂ ತೀರೀತು!

ಇನ್ನು ಎಲ್ಲಕ್ಕಿಂತ ಸುಲಭವಾದ ಉಪಾಯವೊಂದಿದೆ. ಅದನ್ನು ನಮ್ಮವರು ಮಾಡುವುದೇ ಇಲ್ಲ. ಕೇಳುವುದು. ಆಹ್ವಾನಪತ್ರದ ಕೆಳಗೆ ದೂರವಾಣಿಯ ಸಂಖ್ಯೆ ಇರುತ್ತದೆ. "ಸ್ವಾಮಿ, ನಾಳೆ ಊಟಕ್ಕೆ ನಿಮ್ಮವರು ಹೇಗೆ ಬರುತ್ತಾರೆ, ಶರಟು ಪ್ಯಾಂಟು ಸಾಕೆ?" ಎಂದು ಕೇಳಿದರೆ ಯಾರೂ ಅಂಕ ಕಳೆಯುವುದಿಲ್ಲ. ಕಳೆಯುವವರಾದರೆ ಅಂಥವರ ಕೈಕೆಳಗೆ ಮೂವತ್ತು ವರ್ಷ ದುಡಿಯುವುದು ಬೇಕೆ ಎಂದು ಯೋಚಿಸಲು ಆ ರಾತ್ರಿ ಸಮಯವಾದರೂ ಇರುತ್ತದೆ. ಒಬ್ಬೊಬ್ಬರೇ ಕೇಳಲು ಸಂಕೋಚವಾದರೆ ನಮ್ಮ ಉದ್ಯೋಗ ಮಾಹಿತಿ ಕೋಶದ ಅಧ್ಯಾಪಕರು ಕಾಲೇಜಿನ ಪರವಾಗಿ ಒಂದು ಕಾಗದ ಬರೆದು ಕೇಳಬಹುದು. ಕೋಶದ ವತಿಯಿಂದ ನಡೆಯುವ ತರಬೇತಿಯಲ್ಲಿ ಟೈ ಕಟ್ಟುವುದನ್ನು ಅರ್ಧ ದಿನ ಹೇಳಿಕೊಡುತ್ತಾರೆ. ನಮ್ಮ ಗೆಳೆಯರಲ್ಲಿ ಅದನ್ನು ಆಮೇಲೆ ಕಟ್ಟಿದವರು ಒಬ್ಬಿಬ್ಬರು. ಆ ಅರ್ಧ ದಿನದಲ್ಲಿ, ಗಾರ್ಮೆಂಟ್ಸಿನಲ್ಲಿ ದುಡಿಯುವ ನಮ್ಮ ತಾಯಂದಿರಲ್ಲಿ ಒಬ್ಬರನ್ನು ಕರೆದು, ಅಂಗಿಯ ಹೊಲಿಗೆಯನ್ನು ನೋಡುವುದು ಹೇಗೆ, ಕಾಲರಿನ ಕೊಳೆ ತೆಗೆಯುವುದು ಹೇಗೆ, ಹೆಗಲಿನ ಅಳತೆ ಸರಿಯಿದೆಯೋ ಇಲ್ಲವೋ ತಿಳಿಯುವುದು ಹೇಗೆ ಎಂದು ಹೇಳಿಸಿದರೆ ಉಪಯೋಗ ಹೆಚ್ಚು. ಮೊದಲು ಹೇಳಿದ ನನ್ನ ಗೆಳೆಯನ ತಾಯಿ ಬರಲು ಒಪ್ಪಿದ್ದಾರೆ. ಭಾನುವಾರವಾದರೆ ಮಾತ್ರ; ಉಳಿದ ದಿನ ಹಾಜರಿ ಹೋಗುತ್ತದೆಯಂತೆ.

ಕಡೆಯದಾಗಿ ವಿದ್ಯಾರ್ಥಿ ಸಂಘದ ಕಾರ್ಯದರ್ಶಿಗಳಲ್ಲಿ ಒಂದು ಬೇಡಿಕೆ. ನಮ್ಮ ವಿದ್ಯಾರ್ಥಿನಿಲಯದಲ್ಲಿ ತಲೆಯಿಂದ ಕಾಲಿನವರೆಗೆ ಕಾಣುವ ಕನ್ನಡಿ ಒಂದೂ ಇಲ್ಲ. ಇರುವ ಕನ್ನಡಿಯಲ್ಲಿ ಒಮ್ಮೆಗೆ ಮೂಗು ಮಾತ್ರ ಕಾಣುತ್ತದೆ. ಇಸ್ತ್ರಿಪೆಟ್ಟಿಗೆ ಇದೆ, ತಂತಿ ಸುಟ್ಟಿದೆ. ಈ ವರ್ಷ ಕ್ರೀಡಾದಿನದ ಹಾರ ತುರಾಯಿಗಳಿಗೆ ಖರ್ಚಾದ ಹಣದಲ್ಲಿ ಒಂದು ಭಾಗವನ್ನು ಮುಂದಿನ ವರ್ಷ ಉಳಿಸಿ, ಒಂದು ನಿಲುಗನ್ನಡಿಯನ್ನೂ ಒಂದು ಒಳ್ಳೆಯ ಇಸ್ತ್ರಿಪೆಟ್ಟಿಗೆಯನ್ನೂ ಜೂನ್ ತಿಂಗಳಿನಲ್ಲಿಯೇ ತರಿಸಿಕೊಡಬೇಕು. ಸಂದರ್ಶನದ ಕರೆಗಳು ಜುಲೈಯಿಂದ ಬರಲು ಮೊದಲಾಗುತ್ತವೆ.